ಹೊಯ್ಗೆಯ ಮೇಲಿನ ಹೂವು: ಅಡುಂಬು ಬಳ್ಳಿ

(ನಮ್ಮ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ಹದಿನೇಳು ವರ್ಷದಿಂದ ಈ ಯುಎಇಯಲ್ಲಿ ಲ್ಯಾಂಡ್‌ಸ್ಕೇಪ್ ಕೆಲಸದಲ್ಲಿದ್ದೀರಿ, ಗಿಡದ ವಿಷಯ ಏನಾದರೂ ಮಾತಾಡಿ" ಅಂದರು. ಗುಲಾಬಿ, ಮಲ್ಲಿಗೆ, ಬಾಲ್ಕನಿಯಲ್ಲಿ ಟೊಮೆಟೊ, ಇವುಗಳ ಬಗ್ಗೆ ನಿಮ್ಮ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ನಾನು ಹೇಳಲು ಹೊರಟಿರುವುದು ಊರಲ್ಲಿ ಯಾರೂ ದುಡ್ಡು ಕೊಟ್ಟು ತರದ, ಗಿಡ ಅಂತಲೇ ಲೆಕ್ಕಕ್ಕೆ ಹಿಡಿಯದ ಒಂದು ಬಳ್ಳಿಯ ವಿಷಯ. ಅದರ ಹೆಸರು ಅಡುಂಬು ಬಳ್ಳಿ. ಕೆಲವು ಕಡೆ ಬಂಗಡ ಬಳ್ಳಿ ಅನ್ನುವುದೂ ಉಂಟು.

ಕಡಲ ಬದಿಯಲ್ಲಿ ಹುಟ್ಟಿದವರೆಲ್ಲ ಇದನ್ನು ತುಳಿದುಕೊಂಡೇ ಬೆಳೆದವರು. ತೆರೆ ಬಂದು ಹೋಗುವ ಒದ್ದೆ ಜಾಗ ಮುಗಿದು ಒಣ ಹೊಯ್ಗೆ ಶುರುವಾಗುವಲ್ಲಿ ನೆಲಕ್ಕಂಟಿಕೊಂಡು ಹಬ್ಬಿರುತ್ತದೆ. ಎಲೆ ದಪ್ಪ, ನುಣುಪು, ತುದಿಯಲ್ಲಿ ಎರಡಾಗಿ ಸೀಳಿದ ಹಾಗೆ. ಬಸವನಪಾದದ ಎಲೆ ನೋಡಿದವರಿಗೆ ತಕ್ಷಣ ಅಂದಾಜಾಗುತ್ತದೆ. ಆಡಿನ ಗೊರಸು ಊರಿದ ಗುರುತಿನಂತೆ ಕಾಣುವುದರಿಂದ ಶಾಸ್ತ್ರೀಯ ಹೆಸರಿನಲ್ಲೂ ಆಡಿನ ಪಾದವೇ ಇದೆ: ಐಪೋಮಿಯಾ ಪೆಸ್ ಕ್ಯಾಪ್ರೆ. ಚಿವುಟಿದರೆ ಹಾಲು ಬರುತ್ತದೆ. ಹೂವು ಕಹಳೆಯ ಆಕಾರದ್ದು, ನೇರಳೆ ಬೆರೆತ ಗುಲಾಬಿ ಬಣ್ಣ, ಗಂಟಲಿನ ಹತ್ತಿರ ಬಣ್ಣ ಗಾಢ. ಬೆಳಗಿನ ಹೊತ್ತು ಅರಳಿ ಅದೇ ದಿನ ಬಾಡುತ್ತದೆ. ಮಾರನೇ ದಿನ ಪಕ್ಕದ ಮೊಗ್ಗಿನ ಪಾಳಿ.

ಹಾವೇರಿ, ರಾಯಚೂರು, ತುಮಕೂರು ಕಡೆಯ ಸ್ನೇಹಿತರು "ನಮಗೆ ಇದು ಸಂಬಂಧವಿಲ್ಲ" ಅಂತ ಏಳಬೇಡಿ. ಇದು ನಿಮ್ಮ ಹೊಲದ ಗೆಣಸಿನ ಕುಲದ್ದೇ. ಎಲೆ ಬೇರೆ, ಹೂವು ನೋಡಿದರೆ ಅಣ್ಣ ತಮ್ಮ ಅಂತ ಗೊತ್ತಾಗುತ್ತದೆ. ಗೆಣಸಿನ ಬಳ್ಳಿ ತುಂಡು ಮಾಡಿ ನೆಟ್ಟು ಅಭ್ಯಾಸವಿರುವವರಿಗೆ ಅಡುಂಬು ನೆಡುವುದು ಹೊಸ ವಿದ್ಯೆಯೇನಲ್ಲ. ಅಡುಂಬಿಗೆ ಗೆಡ್ಡೆ ಬಿಡುವುದಿಲ್ಲ, ಅಷ್ಟೇ.

ಮಹಾರಾಷ್ಟ್ರದವರು ಇದಕ್ಕೆ ಮರ್ಯಾದಾ ವೇಲ್ ಅನ್ನುತ್ತಾರೆ. ಇಲ್ಲಿ ಮರ್ಯಾದೆ ಅಂದರೆ ಎಲ್ಲೆ, ಗಡಿ. ಕಡಲು ಇಲ್ಲಿಯವರೆಗೆ, ಇದರಾಚೆ ನೆಲ. ನಮ್ಮ ಕ್ಯಾಂಪಿನಲ್ಲಿ ರತ್ನಾಗಿರಿಯ ಒಬ್ಬ ಮೇಸ್ತ್ರಿ ಈ ಹೆಸರು ಹೇಳಿದಾಗ, ಇದಕ್ಕಿಂತ ಚೆನ್ನಾಗಿ ಇಡಲು ಆಗುವುದಿಲ್ಲ ಅನ್ನಿಸಿತು. ತಮಿಳರ ಸಂಗಂ ಕಾಲದ ಪದ್ಯಗಳಲ್ಲಿ ಕಡಲತಡಿಯ ಪ್ರೇಮದ ಮಾತು ಬಂದಲ್ಲೆಲ್ಲ ಅಡುಂಬಿನ ಹೂವೂ ಬರುತ್ತದಂತೆ, ಅಲ್ಲೂ ಹೆಸರು ಹೆಚ್ಚುಕಡಿಮೆ ಇದೇ. ನಮ್ಮಲ್ಲಿ ಮಾತ್ರ ಬಲೆ ಒಣಗಿಸಲು ಹೋದವರ ಕಾಲಡಿಗೇ ಉಳಿಯಿತು.

ಇನ್ನು ಇಲ್ಲಿಯ ವಿಷಯ. ಬೀಚಿನ ಅಂಚು, ರೆಸಾರ್ಟಿನ ಮುಂದಿನ ಹೊಯ್ಗೆ, ಕೆಲವು ರಸ್ತೆ ಬದಿಯ ಇಳಿಜಾರು, ಇಲ್ಲೆಲ್ಲ ಹಸಿರು ಚಾಪೆ ಹಾಸಿದಂತಿರುವ ಗಿಡ ನೋಡಿದ್ದೀರಲ್ಲ, ಅದರಲ್ಲಿ ಒಂದು ಇದೇ ಅಡುಂಬು. ಈ ಕೊಲ್ಲಿ ದೇಶಗಳ ಲ್ಯಾಂಡ್‌ಸ್ಕೇಪ್ ಕೆಲಸದಲ್ಲಿ ನೆಲ ಮುಚ್ಚುವ ಗಿಡಗಳ ಪಟ್ಟಿಯಲ್ಲಿ ಇದಕ್ಕೆ ಖಾಯಂ ಜಾಗ. ಕಾರಣ ಸುಲಭ. ಬಿಸಿಲು ಎಷ್ಟೇ ಇರಲಿ ತಡೆಯುತ್ತದೆ, ಉಪ್ಪುಗಾಳಿಗೆ ಹೆದರುವುದಿಲ್ಲ, ಸಂಸ್ಕರಿಸಿದ ಚರಂಡಿ ನೀರಿನಲ್ಲೇ ಬದುಕುತ್ತದೆ. ಸಾಮಾನ್ಯ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಈ ಕೊಲ್ಲಿಯ ನೀರಿನಲ್ಲಿ 40 ದಾಟುತ್ತದೆ. ಅಂಥ ನೀರಿನ ಗಾಳಿ ತಾಗುವಲ್ಲಿ ಹುಲ್ಲುಹಾಸು ಸಾಕುವುದೆಂದರೆ ದುಡ್ಡು ಸುಡುವ ಕೆಲಸ. ಅದಕ್ಕೇ ಅಡುಂಬು. ಅದಕ್ಕೆ ಡ್ರಿಪ್ ಪೈಪು, ಟೈಮರು, ಸುತ್ತ ಹಗ್ಗದ ಬೇಲಿ, "ಗಿಡ ತುಳಿಯಬೇಡಿ" ಅನ್ನುವ ಬೋರ್ಡು, ಎಲೆ ಹಳದಿಯಾದರೆ ಇಂಜಿನಿಯರಿಗೆ ಇಮೇಲು. ಊರಲ್ಲಿ ಜೆಸಿಬಿ ತಂದು ಕೆರೆಸಿ ಹಾಕುವ ಬಳ್ಳಿಗೆ ಇಲ್ಲಿ ಇಷ್ಟು ಉಪಚಾರ. ನಾನು ಸಂಬಳ ತಗೊಳ್ಳುವುದೇ ಅದಕ್ಕೆ, ಹಾಗಾಗಿ ನಗುವ ಹಾಗೂ ಇಲ್ಲ.

ಅದು ಮಾಡುವ ಕೆಲಸ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನೆಡುವ ಕ್ರಮ ಹೇಳಿದರೆ ಪ್ರಯೋಜನವಿಲ್ಲ.

ಕಡಲಿನಿಂದ ಬೀಸುವ ಗಾಳಿ ಒಣ ಹೊಯ್ಗೆಯನ್ನು ಎತ್ತಿಕೊಂಡು ಬರುತ್ತದೆ. ಎದುರಿಗೆ ಬರೀ ಹೊಯ್ಗೆಯೇ ಇದ್ದರೆ ಅದು ಹಾಗೇ ಹಾರಿ ತೋಟಕ್ಕೋ ರಸ್ತೆಗೋ ಬೀಳುತ್ತದೆ. ಬಳ್ಳಿ ಇದ್ದಲ್ಲಿ ಗಾಳಿಯ ವೇಗ ನೆಲದ ಹತ್ತಿರ ತಗ್ಗಿ ಹೊಯ್ಗೆ ಅಲ್ಲೇ ಉದುರುತ್ತದೆ. ಎಲೆ ಮುಚ್ಚುತ್ತದೆ. ಬೇರೆ ಗಿಡವಾದರೆ ಅಲ್ಲಿಗೆ ಮುಗಿಯಿತು. ಅಡುಂಬು ಹೂತುಹೋದ ಪ್ರತಿ ಗಿಣ್ಣಿನಿಂದ ಹೊಸ ಬೇರು ಬಿಟ್ಟು, ಕುಡಿಯನ್ನು ಮತ್ತೆ ಮೇಲಕ್ಕೆ ತರುತ್ತದೆ. ಮತ್ತೆ ಹೊಯ್ಗೆ ಬೀಳುತ್ತದೆ, ಮತ್ತೆ ಮೇಲೆ ಬರುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಒಂದು ದಿಬ್ಬ ಆಗುತ್ತದೆ. ಒಂದೊಂದು ಬಳ್ಳಿ ಹತ್ತು ಮೀಟರು ದಾಟಿ ಓಡುವುದುಂಟು, ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಇದರ ಜೊತೆಗೇ ರಾವಣನ ಮೀಸೆ, ಅಂದರೆ ಆ ಚುಚ್ಚುವ ಮುಳ್ಳುಹುಲ್ಲು, ಅದೂ ಇದೇ ಕೆಲಸ ಮಾಡುತ್ತದೆ. ಅವೆರಡರ ಹಿಂದೆ ಕೇದಗೆ, ಹೊನ್ನೆ. ಅದರ ಹಿಂದೆ ನಮ್ಮ ತೆಂಗು, ನಮ್ಮ ಮನೆ. ಈ ಸಾಲು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ.

ನಮ್ಮ ಪಶ್ಚಿಮ ಕರಾವಳಿಯ ಕಡಲು ಮಳೆಗಾಲದಲ್ಲಿ ತೀರದ ಹೊಯ್ಗೆ ತೆಗೆದುಕೊಂಡು ಹೋಗುತ್ತದೆ, ಮಳೆಗಾಲ ಮುಗಿದ ಮೇಲೆ ನಿಧಾನಕ್ಕೆ ತಂದು ಹಾಕುತ್ತದೆ. ಜೂನಿನಿಂದ ಆಗಸ್ಟ್ ಕೊನೆವರೆಗೆ ಖರ್ಚು, ಅಕ್ಟೋಬರಿನಿಂದ ಮೇವರೆಗೆ ಜಮಾ. ದಿಬ್ಬ ಅಂದರೆ ಉಳಿತಾಯ ಖಾತೆ ಇದ್ದ ಹಾಗೆ. ದೊಡ್ಡ ತೆರೆ ಬಂದಾಗ ದಿಬ್ಬದ ಹೊಯ್ಗೆ ಕರಗಿ ಸ್ವಲ್ಪ ಆಚೆ ನೀರಿನಡಿ ಗುಡ್ಡೆಯಾಗಿ ನಿಲ್ಲುತ್ತದೆ, ಮುಂದಿನ ತೆರೆ ಆ ಗುಡ್ಡೆಯ ಮೇಲೆ ಮುರಿದುಬಿದ್ದು ಜೋರು ಕಳೆದುಕೊಳ್ಳುತ್ತದೆ. ಅಕ್ಟೋಬರ್ ನಂತರ ಅದೇ ಹೊಯ್ಗೆ ದಡಕ್ಕೆ ಬಂದಾಗ ಅದನ್ನು ಹಿಡಿದು ಮತ್ತೆ ದಿಬ್ಬ ಮಾಡಲು ಯಾರಾದರೂ ಇರಬೇಕಲ್ಲ? ಅದೇ ಈ ಬಳ್ಳಿ. ತೆರೆ ಹೊಡೆದು ಅರ್ಧ ಬಳ್ಳಿ ಹೋದರೂ ಹಿಂದೆ ಉಳಿದ ಅರ್ಧ ಮುಂದಕ್ಕೆ ಓಡಿ ಬರುತ್ತದೆ.

ಈಗ ಕಲ್ಲಿನ ತಡೆಗೋಡೆ ಹಾಕಿದರೆ ಏನಾಗುತ್ತದೆ? ತೆರೆ ಬಂದು ಗೋಡೆಗೆ ಹೊಡೆದು ಹಿಂದೆ ಚಿಮ್ಮುತ್ತದೆ, ಚಿಮ್ಮುವಾಗ ಗೋಡೆಯ ಬುಡದ ಹೊಯ್ಗೆ ತೋಡಿಕೊಂಡು ಹೋಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ, ಅಂದರೆ ಪಕ್ಕದ ಮನೆಯವರ ಜಾಗದಲ್ಲಿ, ಕೊರೆತ ಹೆಚ್ಚುತ್ತದೆ. ಆಮೇಲೆ ಪಕ್ಕದವರೂ ಕಲ್ಲು ಕೇಳುತ್ತಾರೆ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಎಷ್ಟು ಸಲ ಎಷ್ಟು ಕಲ್ಲು ಬಿತ್ತು ಅಂತ ಆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಕಲ್ಲೇ ಬೇಡ ಅಂತಲೂ ಅಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ಬಳ್ಳಿ ನೆಟ್ಟು ಕೂತರೆ ಆಗುತ್ತದಾ? ಬಂದರಿನ ಕಟ್ಟೆ ಹಾಕಿದ ಮೇಲೆ ಹೊಯ್ಗೆ ಸಾಗುವ ದಾರಿಯೇ ಬದಲಾದ ಕಡೆಯೂ ಅಡುಂಬು ಒಂದೇ ಏನೂ ಮಾಡಲಾರದು. ಆದರೆ ಇನ್ನೂ ಅಗಲವಾದ ಹೊಯ್ಗೆ ಇರುವ, ದಿಬ್ಬ ಉಳಿದಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ನನ್ನ ಮಾತು ಅಂಥ ಊರಿನವರಿಗೆ.

ಮತ್ತೆ ಈ ಮಾತು ಇಲ್ಲಿ ಯಾಕೆ, ಊರಿನ ಪಂಚಾಯಿತಿಯಲ್ಲಿ ಹೇಳಬಹುದಿತ್ತಲ್ಲ ಅಂತ ಕೇಳಬಹುದು. ಆ ಬಳ್ಳಿ ಕೀಳುವ ದುಡ್ಡು ಇಲ್ಲಿಂದ ಹೋಗುತ್ತದೆ, ಅದಕ್ಕೆ. ನಾವು ವರ್ಷಗಟ್ಟಲೆ ದುಡಿದು ಮನೆ ಕಟ್ಟಿಸುತ್ತೇವೆ. ಪಡು ದಿಕ್ಕಿಗೆ ಕಡಲು ಕಾಣಬೇಕು. ಹೊಯ್ಗೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಸಬೇಕು. ಮುರಕಲ್ಲಿನ ಪಾಗಾರ ಆದಷ್ಟು ಮುಂದಕ್ಕೆ ಹೋಗಬೇಕು. ಪಾಗಾರದ ಆಚೆ ಬಳ್ಳಿ ಇದ್ದರೆ ಹಾವು ಬರುತ್ತದೆ, ಕ್ಲೀನ್ ಮಾಡಿಸಿ ಅಂತ ವಾಟ್ಸಾಪಿನಲ್ಲಿ ನಾವೇ ಹೇಳುತ್ತೇವೆ. ಕ್ಲೀನ್ ಆದ ಮೇಲೆ ಫೋಟೊ ತರಿಸಿಕೊಂಡು ಸಂತೋಷಪಡುತ್ತೇವೆ. ನಮ್ಮ ಊರಿನಲ್ಲೇ ಸಾಲಾಗಿ ನಾಲ್ಕು ಮನೆ ಹೀಗೆ ಆಗಿವೆ, ನಾಲ್ಕೂ ಗಲ್ಫಿನವರದ್ದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಆ ಸಾಲಿನಲ್ಲಿ ಪಾಗಾರ ಕುಸಿಯಿತು, ಬಾವಿಗೆ ಉಪ್ಪುನೀರು ನುಗ್ಗಿತು. ಸ್ವಲ್ಪ ಉತ್ತರಕ್ಕೆ, ಕೈರಂಪಣಿ ಬಲೆ ಎಳೆಯುವವರ ಜಾಗದ ಪಕ್ಕ, ಬಳ್ಳಿ ಇದ್ದ ದಿಬ್ಬ ಮುಂಭಾಗದಲ್ಲಿ ಕಡಿದು ನೇರ ಗೋಡೆಯ ಹಾಗೆ ನಿಂತಿತ್ತು, ಹಿಂದಿನ ತೆಂಗಿನ ಸಾಲು ಉಳಿಯಿತು. ಆ ಜಾಗ ಬೇರೆ, ಈ ಜಾಗ ಬೇರೆ, ಅದೊಂದೇ ಕಾರಣ ಅಂತ ನಾನು ಆಣೆ ಮಾಡುವುದಿಲ್ಲ. ನೋಡಿದ್ದನ್ನು ಹೇಳಿದೆ. ಈಗಲೂ ಪ್ರತಿ ಆಷಾಢದಲ್ಲಿ ಅಮ್ಮ ಫೋನಿನಲ್ಲಿ ಹೇಳುವುದು ಒಂದೇ ಮಾತು: "ಕಡ್ಲ್ ಹತ್ರ ಬತ್ತಾ ಇತ್ತ್ ಮಗಾ."

ಕಾನೂನಿನ ವಿಷಯ ಎರಡೇ ಮಾತು. ಹೊಯ್ಗೆ ದಿಬ್ಬ, ಕಡಲಾಮೆ ಮೊಟ್ಟೆ ಇಡುವ ಜಾಗ, ಇವೆಲ್ಲ 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೂ, 2019ರದ್ದರಲ್ಲೂ ಅತಿ ಸೂಕ್ಷ್ಮ ಎನ್ನುವ ಒಂದನೇ ವರ್ಗಕ್ಕೆ ಸೇರಿವೆ. ದಿಬ್ಬ ಸಮ ಮಾಡಿಸುವುದು "ನಮ್ಮ ಜಾಗ, ನಮ್ಮ ಇಷ್ಟ" ಅನ್ನುವ ವಿಷಯ ಅಲ್ಲ. ಬ್ರೋಕರ್ ಹೇಳುವುದಿಲ್ಲ, ನಾವು ಕೇಳಿ ತಿಳಿದುಕೊಳ್ಳಬೇಕು.

ಸರಿ, ನೆಡುವ ವಿಷಯಕ್ಕೆ ಬರೋಣ. ಎರಡು ದಾರಿ ಉಂಟು, ಬೀಜ ಮತ್ತು ತುಂಡು.

ಮೊದಲು ಬೀಜ. ಹೂವು ಬಾಡಿದ ಮೇಲೆ ದುಂಡನೆಯ ಕಾಯಿ ಕಟ್ಟುತ್ತದೆ. ಹಸಿರು ಇರುವಾಗ ಕೀಳಬೇಡಿ. ಕಂದು ಬಣ್ಣಕ್ಕೆ ತಿರುಗಿ ಒಣಗಿ, ಮುಟ್ಟಿದರೆ ಒಡೆಯುವ ಹದಕ್ಕೆ ಬರಬೇಕು. ಒಳಗೆ ಸಾಮಾನ್ಯವಾಗಿ ನಾಲ್ಕು ಬೀಜ, ಕಂದು ಬಣ್ಣ, ಮೈಮೇಲೆ ವೆಲ್ವೆಟ್ಟಿನಂಥ ರೋಮ. ಈ ಬೀಜ ಹಗುರ. ಕಡಲಿಗೆ ಬಿದ್ದರೆ ತಿಂಗಳುಗಟ್ಟಲೆ ತೇಲುತ್ತದೆ, ಸಾಯುವುದಿಲ್ಲ. ಹಾಗೆ ತೇಲಿಕೊಂಡೇ ಇದು ಭಾರತ, ಶ್ರೀಲಂಕಾ, ಆಫ್ರಿಕಾ, ಆಸ್ಟ್ರೇಲಿಯ ಅಂತ ಉಷ್ಣ ವಲಯದ ತೀರಗಳಿಗೆಲ್ಲ ಹಬ್ಬಿದ್ದು. ಇಂಡೋನೇಷ್ಯಾದ ಕ್ರಕಟೋವ ದ್ವೀಪ 1883ರಲ್ಲಿ ಜ್ವಾಲಾಮುಖಿಗೆ ಸುಟ್ಟು ಬೋಳಾದ ಮೇಲೆ ಅಲ್ಲಿನ ತೀರಕ್ಕೆ ಮೊದಮೊದಲು ವಾಪಸು ಬಂದ ಗಿಡಗಳಲ್ಲಿ ಇದೂ ಒಂದು. ವೀಸಾ ಇಲ್ಲ, ಏಜೆಂಟ್ ಇಲ್ಲ, ಮೆಡಿಕಲ್ ಇಲ್ಲ. ನಮ್ಮ ಹಣೆಬರಹ ಬೇರೆ.

ಅಷ್ಟು ದೂರ ತೇಲುವ ಬೀಜಕ್ಕೆ ಸಿಪ್ಪೆ ಗಟ್ಟಿ ಇರಲೇಬೇಕು. ಹಾಗಾಗಿ ಸುಮ್ಮನೆ ಮಣ್ಣಿಗೆ ಹಾಕಿ ನೀರು ಹೊಯ್ದರೆ ಹತ್ತರಲ್ಲಿ ಒಂದೆರಡು ಮೊಳೆತರೆ ದೊಡ್ಡದು. ಕಡಲ ತೀರದಲ್ಲಿ ಹೊಯ್ಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆಯುತ್ತದೆ, ಆ ಕೆಲಸ ಇಲ್ಲಿ ನಾವು ಮಾಡಬೇಕು. ಬೀಜದ ಒಂದು ಕಡೆ ಕಾಯಿಗೆ ಅಂಟಿಕೊಂಡಿದ್ದ ಗುರುತು ಇರುತ್ತದೆ. ಅದರ ಎದುರು ಬದಿಯಲ್ಲಿ ಸ್ಯಾಂಡ್ ಪೇಪರಿನಿಂದ ಉಜ್ಜಿ, ಒಳಗಿನ ಬಿಳಿ ಭಾಗ ಚೂರು ಕಂಡ ಕೂಡಲೇ ನಿಲ್ಲಿಸಿ. ಸ್ಯಾಂಡ್ ಪೇಪರ್ ಇಲ್ಲದಿದ್ದರೆ ಉಗುರು ತೆಗೆಯುವ ಕಟರ್ ಸಾಕು, ಸಣ್ಣದೊಂದು ಚೂರು ಕಚ್ಚಿದರಾಯಿತು. ಆಮೇಲೆ ಒಂದು ರಾತ್ರಿ ಸಿಹಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದೆ ಇದ್ದದ್ದಕ್ಕೆ ಇನ್ನೊಮ್ಮೆ ಉಜ್ಜುವ ಕೆಲಸ. ಸಿಹಿ ನೀರು ಅಂತ ಒತ್ತಿ ಹೇಳುತ್ತಿದ್ದೇನೆ. ಉಪ್ಪುನೀರಿನಲ್ಲಿ ತೇಲುವುದು ಬೇರೆ, ಮೊಳೆಯುವುದು ಬೇರೆ. ಮಳೆಯ ನೀರು ಸಿಗುವವರೆಗೆ ಬೀಜ ಕಾಯುತ್ತದೆ.

ಒಂದು ಅಂಗುಲಕ್ಕಿಂತ ಕಡಿಮೆ ಆಳದಲ್ಲಿ ಹೂತರೆ ಸಾಕು. ಸೆಖೆಯ ದಿನಗಳಲ್ಲಿ ಒಂದು ವಾರದ ಆಸುಪಾಸಿನಲ್ಲಿ ಮೊಳಕೆ ಕಾಣುತ್ತದೆ. ಮೊದಲ ಎರಡು ಎಲೆ ನೋಡಿ "ಇದು ಬೇರೆ ಗಿಡ" ಅಂತ ಕಿತ್ತುಹಾಕಬೇಡಿ, ಅವು ಬೀಜದೆಲೆ, ಆಕಾರವೇ ಬೇರೆ. ಆಡಿನ ಪಾದ ಆಮೇಲೆ ಬರುತ್ತದೆ. ಇದು ನಮ್ಮ ಹೊಸ ಹೆಲ್ಪರುಗಳಿಗೆಲ್ಲ ಮೊದಲ ದಿನ ಹೇಳುವ ಪಾಠ.

ತುಂಡಿನಿಂದ ಮಾಡುವುದು ಇನ್ನೂ ಸಲೀಸು. ಬೆಳೆದ ಬಳ್ಳಿಯಲ್ಲಿ, ಆಗಲೇ ಗಿಣ್ಣಿನಲ್ಲಿ ಬೇರು ಬಿಟ್ಟಿರುವ ಭಾಗ ನೋಡಿ, ಮೂರು ನಾಲ್ಕು ಗಿಣ್ಣು ಇರುವಂತೆ ಮೊಳದುದ್ದ ಕತ್ತರಿಸಿ. ಒಂದೇ ಕಡೆಯಿಂದ ಎಲ್ಲ ತೆಗೆಯಬೇಡಿ, ಇಲ್ಲಿಷ್ಟು ಅಲ್ಲಿಷ್ಟು ತೆಗೆದರೆ ತಾಯಿಬಳ್ಳಿಗೆ ಗೊತ್ತೂ ಆಗುವುದಿಲ್ಲ. ತುಂಡನ್ನು ಕೋಲು ನೆಟ್ಟ ಹಾಗೆ ನೆಟ್ಟಗೆ ನಿಲ್ಲಿಸಬಾರದು. ಹೊಯ್ಗೆಯಲ್ಲಿ ಅಂಗೈ ಆಳದ ಗೀರು ತೆಗೆದು, ಅಡ್ಡ ಮಲಗಿಸಿ, ಎರಡು ಗಿಣ್ಣು ಮುಚ್ಚಿ, ಕುಡಿ ಹೊರಗೆ ಬಿಡಿ. ಕುಡಿ ಕಡಲಿನ ಕಡೆಗೇ ಇರಬೇಕು ಅಂತೇನಿಲ್ಲ, ಅದಕ್ಕೆ ಬೇಕಾದ ಕಡೆ ಅದು ತಿರುಗಿಕೊಳ್ಳುತ್ತದೆ. ಕತ್ತರಿಸಿದ ದಿನವೇ ನೆಡಬೇಕು. ನೆಡುವವರೆಗೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿಡಿ.

ಇಲ್ಲಿ ಕ್ಯಾಂಪಿನಲ್ಲಿ ಚಟ್ಟಿಯಲ್ಲಿ ಬೆಳೆಸುವ ಆಸೆ ಇದ್ದವರಿಗೆ: ಆಳದ ಚಟ್ಟಿಗಿಂತ ಅಗಲದ್ದು ಒಳ್ಳೆಯದು, ಕೆಳಗೆ ತೂತು ಇರಲೇಬೇಕು. ಬರೀ ಹೊಯ್ಗೆ ಸಾಕು. ಬೇಕಾದರೆ ಒಂದು ಮುಷ್ಟಿ ತೋಟದ ಮಣ್ಣು. ಗೊಬ್ಬರ ಹಾಕಬೇಡಿ. ಪ್ರೀತಿಯಿಂದ ಯೂರಿಯಾ ಹಾಕಿದರೆ ಎಲೆ ಅಂಗೈಯಷ್ಟು ಅಗಲ ಬರುತ್ತದೆ, ಹೂವು ಬರುವುದಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಕಿಟಕಿಯೊಳಗೆ ಇಟ್ಟರೆ ಬಳ್ಳಿ ಉದ್ದುದ್ದ ಸೊರಗುತ್ತದೆ. ಮೊದಲ ಎರಡು ಮೂರು ವಾರ ಒಂದು ದಿನ ಬಿಟ್ಟು ಒಂದು ದಿನ ನೀರು. ಬೇರು ಹಿಡಿದ ಮೇಲೆ, ಬೆರಳು ಚುಚ್ಚಿ ನೋಡಿ ಎರಡು ಅಂಗುಲ ಒಣಗಿದ್ದರೆ ಮಾತ್ರ. ಜುಲೈ ಆಗಸ್ಟಿನ ಬಿಸಿಲಿಗೆ ಚಟ್ಟಿಯೇ ಕಾದು ಬೇರು ಬೇಯುತ್ತದೆ, ಆಗ ಚಟ್ಟಿಗೆ ಗೋಣಿ ಸುತ್ತಿ, ನೀರು ಸೂರ್ಯ ಮುಳುಗಿದ ಮೇಲೆ ಹಾಕಿ. ಟ್ಯಾಂಕಿನ ಪೈಪಿನಲ್ಲಿ ಮೊದಲು ಬರುವ ಬಿಸಿನೀರು ಚೆಲ್ಲಿಬಿಡಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಮನುಷ್ಯರಿಗೇ ಕೆಲಸ ನಿಲ್ಲಿಸುವ ಕಾನೂನು ಇಲ್ಲಿದೆ, ಗಿಡಕ್ಕೂ ಅಷ್ಟು ಬಿಡುವು ಕೊಡಿ.

ಬಿಸಿಲು ಜೋರಾದಾಗ ಎಲೆ ನಡುನರದ ಮೇಲೆ ಪುಸ್ತಕ ಮಡಚಿದ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ನೀರಿಲ್ಲದೆ ಸಾಯುತ್ತಿದೆ ಅಂತ ಬಕೆಟ್ ತರಬೇಡಿ, ಅದು ಅದರ ಕೊಡೆ. ಎಲೆ ಹಳದಿಯಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ ಅಂತ ಅರ್ಥ. ನಾನು ನೋಡಿದ ಮಟ್ಟಿಗೆ ಈ ಗಿಡ ಸತ್ತದ್ದರಲ್ಲಿ ಹೆಚ್ಚಿನವು ನೀರು ಕುಡಿದೇ ಸತ್ತವು. ಎಲೆಯ ತೊಟ್ಟು ಸೇರುವಲ್ಲಿ ಎರಡು ಸಣ್ಣ ಚುಕ್ಕೆ ಇರುತ್ತವೆ, ಅಲ್ಲಿ ಸಿಹಿ ಒಸರುತ್ತದೆ, ಅದಕ್ಕೆ ಇರುವೆ ಬರುತ್ತದೆ. ಇರುವೆಪುಡಿ ಹಾಕಬೇಡಿ. ಆ ಇರುವೆಗಳು ಹುಳಗಳನ್ನು ಓಡಿಸುವ ವಾಚ್‌ಮನ್‌ಗಳು, ಸಿಹಿ ಅವುಗಳ ಸಂಬಳ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಬಂದರೆ ಮಾತ್ರ ಸೋಪುನೀರಿನಲ್ಲಿ ಒರೆಸಿ. ಧೂಳು ಕೂತ ಎಲೆಗೆ ಸಣ್ಣ ಜೇಡನುಸಿ ಹಿಡಿಯುತ್ತದೆ, ವಾರಕ್ಕೊಮ್ಮೆ ಎಲೆ ತೊಳೆದರೆ ಅದೂ ಇಲ್ಲ. ಚಟ್ಟಿಯಿಂದ ಹೊರಗೆ ಹಬ್ಬಿ ಪಕ್ಕದವರ ಪುದೀನ ಮುಚ್ಚುತ್ತದೆ, ಜಗಳಕ್ಕೆ ಮುಂಚೆ ಕತ್ತರಿಸಿ. ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಬೀಜ ತಿನ್ನುವಂಥದ್ದಲ್ಲ, ಮಕ್ಕಳಿರುವ ಮನೆಯಲ್ಲಿ ಜಾಗ್ರತೆ. ಅಂಬಲಿ ಮೀನು ತಾಗಿದ ಉರಿಗೆ ಇದರ ಎಲೆ ಅರೆದು ಹಚ್ಚುವ ರೂಢಿ ಹಲವು ದೇಶಗಳ ಕಡಲತಡಿಯಲ್ಲಿ ಉಂಟು, ಆದರೆ ಉರಿ ಜೋರಿದ್ದರೆ ಆಸ್ಪತ್ರೆಗೇ ಹೋಗಿ.

ಇನ್ನೊಂದು, ದಯವಿಟ್ಟು ಗಮನ ಕೊಡಿ. ಇಲ್ಲಿಯ ನರ್ಸರಿಯಿಂದ ತುಂಡೋ ಬೀಜವೋ ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ಹೋಗಬೇಡಿ, ಅಲ್ಲಿಂದ ಇಲ್ಲಿಗೂ ತರಬೇಡಿ. ಭಾರತಕ್ಕೆ ಗಿಡ, ಬೀಜ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿ, ರೋಗವಿಲ್ಲದ ಬಗ್ಗೆ ಪ್ರಮಾಣಪತ್ರ ಎಲ್ಲ ಬೇಕು. ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವ ಮಾತು ಹಾಗಿರಲಿ. ಕಣ್ಣಿಗೆ ಕಾಣದ ಹುಳ, ಬೂಸ್ಟು ಅದರ ಜೊತೆ ಹೋದರೆ ಊರಿನ ಗೆಣಸಿನ ಹೊಲಕ್ಕೂ ಕಂಟಕ. ಇಲ್ಲಿ ಬೆಳೆಸಲು ಇಲ್ಲಿಯ ನರ್ಸರಿಯದ್ದು, ಊರಲ್ಲಿ ನೆಡಲು ಊರಿನ ಹೊಯ್ಗೆಯದ್ದೇ. ನಮ್ಮ ತೀರದ ಬಳ್ಳಿ ನಮ್ಮ ತೀರದಲ್ಲೇ ಬೇಕಾದಷ್ಟಿದೆ.

ಊರಲ್ಲಿ ನೆಡಲು ಕಾಲ ಯಾವುದು? ಜೂನ್ ಜುಲೈ ಬೇಡ, ನೆಟ್ಟದ್ದು ತೆರೆಗೆ ಹೋಗುತ್ತದೆ. ಜನವರಿ ನಂತರ ಬೇಡ, ನೀರು ಹೊರುವವರು ಯಾರು? ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ ದೋಣಿ ಇಳಿಸುತ್ತಾರಲ್ಲ, ಅಲ್ಲಿಂದ ನವರಾತ್ರಿಯ ಒಳಗೆ. ತೆರೆಯ ಅಬ್ಬರ ಇಳಿಯುತ್ತಾ ಬಂದಿರುತ್ತದೆ, ಮಳೆ ಇನ್ನೂ ಇರುತ್ತದೆ, ಹೊಯ್ಗೆಯೊಳಗೆ ತೇವ ಇರುತ್ತದೆ. ಚಳಿಗಾಲದ ಒಣಗಾಳಿ ಬರುವ ಹೊತ್ತಿಗೆ ಬೇರು ಇಳಿದಿರುತ್ತದೆ. ಚೌತಿಗೆ ರಜೆ ಹಾಕುವವರಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ.

ಜಾಗ ಆರಿಸುವಾಗ ಆ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕಸದ ಗೆರೆ ನೋಡಿ. ಆ ಗೆರೆಯಿಂದ ನಾಲ್ಕೈದು ಹೆಜ್ಜೆ ಹಿಂದೆ ನೆಡಿ, ಮುಂದಕ್ಕೆ ಹೋಗುವ ಕೆಲಸ ಬಳ್ಳಿಗೆ ಬಿಡಿ. ಮೀಟರಿಗೊಂದು ತುಂಡು, ಎರಡು ಸಾಲು, ಎರಡನೇ ಸಾಲಿನದ್ದು ಮೊದಲನೇ ಸಾಲಿನ ನಡುವಿಗೆ ಬರುವಂತೆ. ಇಪ್ಪತ್ತು ಮೀಟರ್ ಅಗಲದ ಜಾಗಕ್ಕೆ ನಲವತ್ತು ತುಂಡು, ಸಾಯುವವಕ್ಕೆ ಅಂತ ಇನ್ನೊಂದು ಹತ್ತು. ಇಬ್ಬರಿಗೆ ಒಂದು ಬೆಳಗಿನ ಕೆಲಸ. ತೆಂಗಿನ ಗರಿ ಇದ್ದರೆ ಮುಂದೆ ಸಾಲಾಗಿ ಊರಿ, ಹೊಯ್ಗೆ ನಿಲ್ಲಲು ಅದೂ ಸಹಾಯ. ಗಾಳಿಮರದ ಅಡಿಯಲ್ಲಿ ನೆಡಲು ಹೋಗಬೇಡಿ. ಗಾಳಿಮರ ನಮ್ಮದಲ್ಲ, 1868ರ ಸುಮಾರಿಗೆ ಕಾರವಾರಕ್ಕೆ ತಂದು ನೆಟ್ಟದ್ದು. ಅದರ ಸೂಜಿ ಎಲೆ ದಪ್ಪಗೆ ಬಿದ್ದಲ್ಲಿ, ನೆರಳಿನಲ್ಲಿ, ಅಡುಂಬು ಏಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಮೀನುಗಾರರನ್ನು ಕೇಳಿ. ಇದನ್ನು ಫೋರ್‌ಮನ್ ಆಗಿ ಹೇಳುತ್ತಿದ್ದೇನೆ: ಜನ ನಡೆಯುವ ದಾರಿಗೆ ಅಡ್ಡ ನೆಟ್ಟ ಗಿಡ ಉಳಿದದ್ದನ್ನು ನಾನು ಎಲ್ಲೂ ನೋಡಿಲ್ಲ, ಇಲ್ಲೂ ಇಲ್ಲ, ಊರಲ್ಲೂ ಇಲ್ಲ. ದೋಣಿ ಎಳೆಯುವ ಜಾಗ, ಬಲೆ ಒಣಗಿಸುವ ಜಾಗ, ಕೈರಂಪಣಿ ಎಳೆಯುವ ಜಾಗ, ಇಷ್ಟೂ ಅವರದ್ದು. ಅದನ್ನು ಬಿಟ್ಟು ಉಳಿದದ್ದರಲ್ಲಿ ನೆಡಿ. ಮನೆಯಿಂದ ಕಡಲಿಗೆ ಹೋಗುವ ಕಾಲುದಾರಿಯನ್ನು ನೇರ ಬಿಡದೆ ಸ್ವಲ್ಪ ಓರೆಯಾಗಿ ಬಿಡಿ, ನೇರ ಬಿಟ್ಟರೆ ಗಾಳಿ ಅದೇ ಸಂದಿಯಲ್ಲಿ ನುಗ್ಗಿ ದಿಬ್ಬವನ್ನು ಇಬ್ಭಾಗ ಮಾಡುತ್ತದೆ. ಬೈಕು, ಜೀಪು ಹೊಯ್ಗೆಯ ಮೇಲೆ ಬಿಡುವ ಹುಡುಗರಿಗೆ ಹೇಳುವ ಕೆಲಸ ಹಿರಿಯರಿಗೆ ಬಿಡಿ, ನಮ್ಮ ಮಾತಿಗೆ "ಗಲ್ಫಿನವರು ಬಂದರು ಬುದ್ಧಿ ಹೇಳಲು" ಅನ್ನುತ್ತಾರೆ. ಕುಂದಾಪುರ ಕೋಡಿ, ಕಾಸರಕೋಡು ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ಅಂಥ ಜಾಗದಲ್ಲಿ ಅರಣ್ಯ ಇಲಾಖೆಯವರನ್ನೂ ಗೂಡು ಕಾಯುವ ಮೀನುಗಾರರನ್ನೂ ಕೇಳದೆ ಏನೂ ನೆಡುವುದು ಬೇಡ.

ಈಗಾಗಲೇ ಬಳ್ಳಿ ಇರುವ ಜಾಗವಾದರೆ ಇಷ್ಟು ಯಾವುದೂ ಬೇಡ. ಕೀಳದಿದ್ದರೆ ಆಯಿತು. ಮನೆ ಕಟ್ಟಿಸುತ್ತಿರುವವರು ಇವತ್ತು ರಾತ್ರಿಯೇ ಮೇಸ್ತ್ರಿಗೆ ಒಂದು ಫೋನ್ ಮಾಡಿ, ಪಾಗಾರ ಎಲ್ಲಿಗೆ ನಿಲ್ಲಬೇಕು, ಅದರಾಚೆ ಜೆಸಿಬಿ ಹೋಗಬಾರದು ಅಂತ ಹೇಳಿ. ಇಂಟರ್‌ಲಾಕ್ ಪಡು ಬದಿಗೆ ಹಾಕುವುದು ಬೇಡ, ಮಳೆನೀರು ಇಂಗಿದರೆ ಬಾವಿಗೂ ಒಳ್ಳೆಯದು. ಹಾವಿನ ಭಯ ಇದ್ದರೆ ಮನೆಯಿಂದ ಒಂದು ಹತ್ತು ಹೆಜ್ಜೆ ಬೋಳು ಬಿಟ್ಟುಕೊಳ್ಳಿ, ಅಲ್ಲಿಂದಾಚೆ ಅದರಷ್ಟಕ್ಕೆ ಇರಲಿ.

ನಮ್ಮ ವೇದಿಕೆಯಿಂದ ಈ ಸಲ ಚೌತಿಗೆ ಊರಿಗೆ ಹೋಗುವವರ ಒಂದು ಪಟ್ಟಿ ಮಾಡೋಣ ಅಂತ ಕಾರ್ಯದರ್ಶಿಗಳ ಹತ್ತಿರ ಮಾತಾಡಿದ್ದೇನೆ. ಬೈಂದೂರಿನಿಂದ ಉಳ್ಳಾಲದವರೆಗೆ, ಆ ಕಡೆ ಹೊನ್ನಾವರ, ಅಂಕೋಲೆ, ಕಾರವಾರದವರೂ, ಯಾರ ಊರಲ್ಲಿ ಹೊಯ್ಗೆ ಇನ್ನೂ ಅಗಲ ಇದೆಯೋ ಅವರು ಊಟದ ಕೌಂಟರಿನ ಪಕ್ಕ ಇಟ್ಟಿರುವ ಪುಸ್ತಕದಲ್ಲಿ ಹೆಸರು, ಊರು, ರಜೆಯ ತಾರೀಕು ಬರೆಯಿರಿ. ಹತ್ತಿರ ಹತ್ತಿರದ ಊರಿನವರು ಒಟ್ಟಿಗೆ ಸಿಕ್ಕರೆ ತುಂಡು ತರುವುದು ಸುಲಭ. ಅಲ್ಲೇ ಪಕ್ಕದಲ್ಲಿ ಮೂರು ಚಟ್ಟಿ ಇಟ್ಟಿದ್ದೇನೆ, ಇಲ್ಲಿಯ ನರ್ಸರಿಯದ್ದೇ. ಒಂದರಲ್ಲಿ ಮೊಗ್ಗಿದೆ. ಸಂಜೆಯಾಗಿದೆ, ಇವತ್ತಿನ ಹೂವು ಬಾಡಿದೆ. ನೋಡಬೇಕು ಅನ್ನುವವರು ನಾಳೆ ಬೆಳಿಗ್ಗೆ ಬಸ್ಸು ಬರುವ ಮುಂಚೆ ನಮ್ಮ ಕ್ಯಾಂಪಿನ ಗೇಟಿನ ಹತ್ತಿರ ಬನ್ನಿ.